ಸಾವಿರ ಬೀಡಿಗೆ ಮಜೂರಿ ಎಷ್ಟು?
– ಗಡಿಯ ಎರಡು ಬದಿಯ ಒಂದು ಚರಿತ್ರೆ



ನಮ್ಮ ಸಂಘದ ಇಪ್ಪತ್ತೈದು ವರ್ಷಗಳ ವರದಿಯನ್ನು ಕಾರ್ಯದರ್ಶಿಗಳು ಈ ಸಂಚಿಕೆಯಲ್ಲೇ ಕೊಟ್ಟಿದ್ದಾರೆ. ಪಾಲು ಬಂಡವಾಳ ಎಷ್ಟು, ಠೇವಣಿ ಎಷ್ಟು, ಹೊರಬಾಕಿ ಎಷ್ಟು ಎಂಬುದೆಲ್ಲ ಅಲ್ಲಿ ಉಂಟು. ಅದನ್ನೇ ನಾವು ಮತ್ತೆ ಬರೆದು ಪುಟ ತುಂಬಿಸುವುದಿಲ್ಲ. ಆದರೆ ಆ ವರದಿಯಲ್ಲಿ ಕಾಣದ ಇನ್ನೊಂದು ಲೆಕ್ಕ ಇದೆ. ನಮ್ಮಲ್ಲಿ ಮೊದಲಿಗೆ ಉಳಿತಾಯ ಖಾತೆ ತೆರೆದ ಹೆಂಗಸರಲ್ಲಿ ಹೆಚ್ಚಿನವರು ಬೀಡಿ ಕಟ್ಟುವವರು. ಬ್ರಾಂಚಿನಲ್ಲಿ ಮಜೂರಿ ಬಟವಾಡೆಯಾದ ದಿನ ಸಂಜೆ ನಮ್ಮ ಕೌಂಟರಿನ ಎದುರು ಸಾಲು ನಿಲ್ಲುತ್ತಿತ್ತು. ಐವತ್ತು, ನೂರು ರೂಪಾಯಿಗಳ ಆ ಸಾಲೇ ಸಂಘವನ್ನು ನಿಲ್ಲಿಸಿತು ಎಂದರೆ ಉತ್ಪ್ರೇಕ್ಷೆ ಆಗಲಾರದು. ಅವರ ಮಜೂರಿಯನ್ನು ಯಾರು, ಎಲ್ಲಿ ಕೂತು, ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಿದ್ದರು? ನಾವು ಬರೆಯಹೊರಟದ್ದು ಈ ವಿಷಯ.

ಮೊದಲು ಒಂದು ಮದುವೆ ಮನೆಯ ಮಾತು. ನಾವು ಸಣ್ಣವರಿದ್ದಾಗ ಕಂಡದ್ದು. ಅಕ್ಕತಂಗಿಯರಿಬ್ಬರು ಚಪ್ಪರದ ಬದಿಯಲ್ಲಿ ಕೂತು ವೀಳ್ಯದೆಲೆ ಹಾಕಿಕೊಳ್ಳುತ್ತಿದ್ದರು. ಅಕ್ಕನನ್ನು ಕಾಸರಗೋಡಿನ ಕಡೆಗೆ ಕೊಟ್ಟಿದ್ದರು, ತಂಗಿ ನಮ್ಮೂರಲ್ಲೇ. ಇಬ್ಬರದೂ ಬೀಡಿ ಕೆಲಸ.

"ನಿಮ್ಮಲ್ಲಿ ಸಾವಿರಕ್ಕೆ ಎಷ್ಟು ಸಿಗ್ತದೆ ಅಕ್ಕ?" ಎಂದು ತಂಗಿ ಕೇಳಿದಳು. ಅಕ್ಕ ಹೇಳಿದ ದರ ತಂಗಿಯದಕ್ಕಿಂತ ಹೆಚ್ಚೇ ಇತ್ತು. ಅಷ್ಟರಲ್ಲೇ ನಿಲ್ಲಲಿಲ್ಲ. "ರಜೆಗೂ ಸಂಬಳ ಉಂಟು ಮಾರಾಯ್ತಿ, ಬೋನಸ್ಸೂ ಉಂಟು. ನೀನು ಯಾಕೆ ಕೇಳುವುದಿಲ್ಲ?" ಎಂದಳು.

ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾರ ಹತ್ತಿರ ಕೇಳುವುದು? ಮನೆಯಲ್ಲೇ ಕೂತು ಕಟ್ಟುವವರಿಗೆ ಯಜಮಾನ ಯಾರು ಅಂತಲೇ ಗೊತ್ತಿಲ್ಲ" ಎಂದಳು.

ಒಂದೇ ಎಲೆ, ಒಂದೇ ಹೊಗೆಸೊಪ್ಪು, ಒಂದೇ ನೂಲು. ಬೆರಳುಗಳೂ ಒಬ್ಬ ತಾಯಿಯ ಮಕ್ಕಳದು. ದರ ಮಾತ್ರ ಬೇರೆ. ಆ ಮಾತು ಆವತ್ತು ನಮಗೆ ಅರ್ಥವಾಗಲಿಲ್ಲ. ಅರ್ಥವಾಗಲು ಬಹಳ ವರ್ಷ ಬೇಕಾಯಿತು.

ಬೀಡಿ ಕಟ್ಟುವುದು ಕಸುಬಲ್ಲ, ಹೊತ್ತು ಕಳೆಯುವ ಕೆಲಸ ಎಂದು ಹೇಳುವವರು ಈಗಲೂ ಇದ್ದಾರೆ. ಅವರು ಒಮ್ಮೆ ತಡ್ಪೆಯನ್ನು ಮಡಿಲಲ್ಲಿಟ್ಟು ಕೂತು ನೋಡಬೇಕು. ಒಣಗಿದ ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಹದಕ್ಕೆ ತರಬೇಕು. ನೀರು ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಬಿರಿಯುತ್ತದೆ. ಅಳತೆಯ ತಗಡನ್ನು ಎಲೆಯ ಮೇಲಿಟ್ಟು, ನರ ಅಡ್ಡ ಬಾರದ ಹಾಗೆ ಕತ್ತರಿಸಬೇಕು. ಒಂದು ಎಲೆಯಲ್ಲಿ ಎರಡು ತುಂಡು ಬರುವಲ್ಲಿ ಒಂದೇ ತೆಗೆದರೆ ಕೊಟ್ಟ ಎಲೆ ಸಾಕಾಗುವುದಿಲ್ಲ. ಕಡಿಮೆ ಬಿದ್ದ ಎಲೆಯನ್ನು ಕೈಯಿಂದ ದುಡ್ಡು ಕೊಟ್ಟು ತರಬೇಕು. ಆಮೇಲೆ ಪುಡಿ ಹಾಕಿ ಸುರುಳಿ ಸುತ್ತುವುದು, ತುದಿ ಮಡಚುವುದು, ನೂಲು ಕಟ್ಟುವುದು. ಬಿಗಿಯಾದರೆ ಹೊಗೆ ಎಳೆಯುವುದಿಲ್ಲ, ಸಡಿಲವಾದರೆ ಪುಡಿ ಉದುರುತ್ತದೆ. ಇಪ್ಪತ್ತೈದರ ಕಟ್ಟು ನಲವತ್ತು ಆದರೆ ಸಾವಿರ. ಮನೆಕೆಲಸ, ದನದ ಕೆಲಸ ಮುಗಿಸಿ ದಿನಕ್ಕೆ ಸಾವಿರ ಕಟ್ಟುವವರು ಊರಿಗೆ ಕೆಲವರೇ. ಮೇಲಿನಿಂದ ಬ್ರಾಂಚಿನಲ್ಲಿ ಪರೀಕ್ಷೆ. ಸರಿ ಇಲ್ಲ ಎಂದು ಒಂದು ಹಿಡಿ ಬೀಡಿ ಬದಿಗೆ ಹಾಕಿದರೆ ಅದಕ್ಕೆ ಮಜೂರಿ ಇಲ್ಲ. ಹಾಗೆ ಬದಿಗೆ ಹಾಕಿದ ಬೀಡಿ ಸುಡಲಿಕ್ಕೆ ಹೋಗುತ್ತಿತ್ತೋ, ಸೇದಲಿಕ್ಕೆ ಹೋಗುತ್ತಿತ್ತೋ, ದೇವರಿಗೇ ಗೊತ್ತು.

ಕೈಕಸುಬಿನವರಿಗೆ ಕೂಲಿ ಕಟ್ಟುವ ಪ್ರಶ್ನೆ ನಿನ್ನೆ ಮೊನ್ನೆಯದಲ್ಲ. ನೂಲಿನ ನಯ, ದಪ್ಪ ನೋಡಿ ನೂಲುವವರ ಕೂಲಿ ನಿಶ್ಚಯಿಸಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ನಮ್ಮ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಬಡಗಿ, ಕಮ್ಮಾರ, ಕುಂಬಾರ ಮೊದಲಾದ ಆಯಗಾರರಿಗೆ ಸುಗ್ಗಿಯ ಕಣದಲ್ಲೇ ಕಾಳಿನ ಪಾಲು ಸಲ್ಲುತ್ತಿತ್ತು. ಬೆಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇಂಗ್ಲೆಂಡಿನಲ್ಲಿ 1563ರ ಒಂದು ಕಾಯಿದೆಯ ಪ್ರಕಾರ ಆಯಾ ಪ್ರಾಂತ್ಯದ ನ್ಯಾಯಾಧಿಕಾರಿಗಳು ವರ್ಷಕ್ಕೊಮ್ಮೆ ಸೇರಿ, ಆ ವರ್ಷದ ಸುಭಿಕ್ಷ ದುರ್ಭಿಕ್ಷ ನೋಡಿ, ಬಡಗಿ, ಗಾರೆಯವರ ಕೂಲಿ ಗೊತ್ತುಮಾಡುತ್ತಿದ್ದರು. ಕೇಳಲಿಕ್ಕೆ ಚಂದ. ಆದರೆ ಅವರು ಗೊತ್ತುಮಾಡಿದ್ದು ಇದಕ್ಕಿಂತ ಹೆಚ್ಚು ಕೊಡಬಾರದು ಎಂಬ ದರ! ಇದಕ್ಕಿಂತ ಕಡಿಮೆ ಕೊಡಬಾರದು ಎಂಬ ಕಾನೂನು ನಮ್ಮ ದೇಶಕ್ಕೆ ಬಂದದ್ದು ಸ್ವಾತಂತ್ರ್ಯದ ಮರುವರ್ಷ, 1948ರ ಕನಿಷ್ಠ ವೇತನ ಕಾಯಿದೆಯಿಂದ. ಕಸುಬಿಗೊಂದು, ಪ್ರದೇಶಕ್ಕೊಂದು ದರ ಇಡುವ ಅಧಿಕಾರವನ್ನು ಅದು ಸರ್ಕಾರಗಳಿಗೆ ಕೊಟ್ಟಿತು.

ಅದೇ ವರ್ಷ ಕೇಂದ್ರ ಸರ್ಕಾರ ನ್ಯಾಯಯುತ ವೇತನದ ಸಮಿತಿಯೊಂದನ್ನು ನೇಮಿಸಿತ್ತು. ಅದು ವೇತನವನ್ನು ಮೂರು ಮೆಟ್ಟಿಲಾಗಿ ನೋಡಿತು. ಕೆಳಗಿನದು ಕನಿಷ್ಠ ವೇತನ, ಮೇಲಿನದು ಮನುಷ್ಯ ಮರ್ಯಾದೆಯಿಂದ ಬದುಕುವ ಜೀವನ ವೇತನ, ನಡುವಿನದು ನ್ಯಾಯಯುತ ವೇತನ. ನಡುವಿನ ಮೆಟ್ಟಿಲನ್ನು ನಿರ್ಧರಿಸಲು ಕೆಲಸಗಾರನ ಉತ್ಪಾದನೆ, ದೇಶದ ಆದಾಯ ಇತ್ಯಾದಿಗಳ ಜೊತೆಗೆ ಆ ಊರಿನಲ್ಲೂ ನೆರೆಯ ಊರುಗಳಲ್ಲೂ ಅದೇ ಕಸುಬಿಗೆ ನಡೆಯುತ್ತಿರುವ ದರವನ್ನು ನೋಡಬೇಕೆಂದು ಸಮಿತಿ ಹೇಳಿತು. ಈ 'ನೆರೆಯ ಊರು' ಎಂಬ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಮ್ಮ ಕಥೆಯೆಲ್ಲ ಅದರ ಮೇಲೆ ನಿಂತಿದೆ.

ಇನ್ನು ಕನಿಷ್ಠ ಎಂದರೆ ಎಷ್ಟು? 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೂ ಲೆಕ್ಕ ಹಾಕಿತು. ಕುಟುಂಬಕ್ಕೆ ಮೂರು ಜನರ ಊಟ, ಒಬ್ಬರಿಗೆ 2700 ಕ್ಯಾಲೊರಿ, ನಾಲ್ಕು ಜನರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಮತ್ತೆ ಸೌದೆ, ದೀಪ, ಇತರೆ ಬಾಬ್ತಿಗೆ ಒಟ್ಟಿನಲ್ಲಿ ಶೇ. 20. ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವಕ್ಕೆ ಇನ್ನೂ ಶೇ. 25 ಸೇರಿಸಬೇಕೆಂದು ಸುಪ್ರೀಂ ಕೋರ್ಟು ಹೇಳಿದ್ದು 1991ರಲ್ಲಿ. ಅಲ್ಲಿಯ ತನಕ ಕೂಲಿಯವರ ಮಕ್ಕಳು ಶಾಲೆಗೆ ಹೋಗುವುದು ಲೆಕ್ಕದಲ್ಲೇ ಇರಲಿಲ್ಲ ಎಂದಾಯಿತು.

ಇರಲಿ, ಬೀಡಿಗೆ ಬರೋಣ. ನಮ್ಮ ದಕ್ಷಿಣ ಕನ್ನಡವೂ ಕಣ್ಣೂರನ್ನು ಒಳಗೊಂಡ ಮಲಬಾರೂ 1956ರ ತನಕ ಒಂದೇ ಮದ್ರಾಸು ಸರ್ಕಾರದ ಕೆಳಗಿದ್ದವು. ಕಾಸರಗೋಡು ನಮ್ಮ ಜಿಲ್ಲೆಯದೇ ತಾಲೂಕು. ಮಂಗಳೂರಿನ ಬೀಡಿ ಕಂಪನಿಗಳಿಗೆ ಅತ್ತಲೂ ಇತ್ತಲೂ ಕೆಲಸಗಾರರಿದ್ದರು. ಆ ವರ್ಷ ನವೆಂಬರ್ 1ಕ್ಕೆ ರಾಜ್ಯಗಳ ಪುನರ್ವಿಂಗಡಣೆಯಾಯಿತು. ನಾವು ಮೈಸೂರಿಗೆ ಸೇರಿದೆವು, ಕಾಸರಗೋಡು, ಕಣ್ಣೂರು ಕೇರಳಕ್ಕೆ ಸೇರಿದವು. ಗಡಿಯ ವಿಚಾರದಲ್ಲಿ ಭಾಷೆಯ ಬಗ್ಗೆ ನಮ್ಮವರು ಎಷ್ಟೋ ಬರೆದಿದ್ದಾರೆ. ಆದರೆ ಅದೇ ಗೆರೆ ಮಜೂರಿಯನ್ನೂ ಎರಡು ಮಾಡಿತು ಎಂಬುದನ್ನು ಬರೆದವರು ಕಡಿಮೆ. ಕನಿಷ್ಠ ವೇತನ ನಿಗದಿ ಮಾಡುವುದು ರಾಜ್ಯ ಸರ್ಕಾರ. ಆದುದರಿಂದ ಒಂದೇ ಕಂಪನಿ, ಒಂದೇ ಬೀಡಿ, ಎರಡು ದರ.

ಬೀಡಿಗೆ ಕಾರ್ಖಾನೆ ಬೇಡ, ಯಂತ್ರ ಬೇಡ, ಕರೆಂಟು ಬೇಡ. ಎಲೆ, ಪುಡಿಯ ಮೂಟೆಗಳನ್ನು ಲಾರಿಗೆ ಹಾಕಿದರೆ ಉದ್ಯಮವೇ ಹೊರಟುಹೋಯಿತು. ಬಟ್ಟೆ ಗಿರಣಿಯನ್ನು ಹಾಗೆ ಹೊತ್ತುಕೊಂಡು ಹೋಗಲು ಬರುವುದಿಲ್ಲ. ಕೆಲವು ರಾಜ್ಯಗಳು ಬೀಡಿಯವರಿಗೆಂದು ತಮ್ಮ ತಮ್ಮ ಕಾನೂನು ಮಾಡಿ ನೋಡಿದರೆ, ಕೆಲಸವೇ ಕಾನೂನಿಲ್ಲದ ಕಡೆಗೆ ಜಾರಿತು. ಇದನ್ನು ತಡೆಯಲೆಂದೇ ಪಾರ್ಲಿಮೆಂಟು 1966ರಲ್ಲಿ ಇಡೀ ದೇಶಕ್ಕೆ ಬೀಡಿ ಮತ್ತು ಸಿಗಾರ್ ಕೆಲಸಗಾರರ ಕಾಯಿದೆ ತಂದಿತು. ಕೆಲಸದ ಜಾಗಕ್ಕೆ ಲೈಸೆನ್ಸು, ದಿನಕ್ಕೆ ಒಂಬತ್ತು ಗಂಟೆಯ ಮಿತಿ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ ಎಲ್ಲ ಅದರಲ್ಲಿತ್ತು. ಆದರೆ ಎರಡು ಕಿಂಡಿ ಉಳಿದವು. ಕಾಯಿದೆ ಯಾವಾಗ ಜಾರಿಗೆ ಬರಬೇಕೆಂದು ಆಯಾ ರಾಜ್ಯವೇ ತೀರ್ಮಾನಿಸಬಹುದಿತ್ತು. ಎರಡನೆಯದಾಗಿ, ಯಾರ ಕೈಕೆಳಗೂ ಇಲ್ಲದೆ ತನ್ನ ಮನೆಯಲ್ಲಿ ತನಗಾಗಿ ಬೀಡಿ ಮಾಡುವವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಈ ಎರಡನೆಯ ಕಿಂಡಿಯಲ್ಲಿ ಆನೆ ನುಗ್ಗಿತು! ಎಲೆ, ಪುಡಿಯನ್ನು ಕೆಲಸಕ್ಕೆ ಕೊಟ್ಟದ್ದಲ್ಲ, ಮಾರಿದ್ದು. ಬೀಡಿಯನ್ನು ಮಜೂರಿ ಕೊಟ್ಟು ಪಡೆದದ್ದಲ್ಲ, ಕ್ರಯಕ್ಕೆ ಕೊಂಡದ್ದು ಎಂದು ದೇಶದ ಎಷ್ಟೋ ಕಡೆ ಕಾಗದ ಹುಟ್ಟಿಸಿದರು. ಬೀಡಿ ಕಟ್ಟುವ ಬಡವೆ ಕಾಗದದ ಮೇಲೆ ವ್ಯಾಪಾರಿಯಾದಳು.

ಕೇರಳ ಸರ್ಕಾರ 1968ರಲ್ಲಿ ಕಾಯಿದೆಯನ್ನು ಜಾರಿಗೊಳಿಸಿತು. ಮಂಗಳೂರಿನ ಕಂಪನಿಗಳು ಇದು ತಮಗೆ ಪೂರೈಸುವುದಿಲ್ಲ ಎಂದು ಕಣ್ಣೂರಿನ ಬ್ರಾಂಚುಗಳನ್ನು ಮುಚ್ಚಿ, ಕೆಲಸವನ್ನು ಗಡಿಯ ಈಚೆಗೆ ತಂದವು. ಅಲ್ಲಿ ಸುಮಾರು 12 ಸಾವಿರ ಕೆಲಸಗಾರರಿಗೆ ಕೆಲಸ ಹೋಯಿತು. ಈಚೆ ಬದಿಯಲ್ಲಿ ಕಂಟ್ರಾಕ್ಟರರ ಮೂಲಕ ಮನೆಮನೆಗೆ ಎಲೆ ಹಂಚುವ ಪದ್ಧತಿ ಇತ್ತಲ್ಲ, ಅದು ಬೆಳೆಯಿತು.

ಇಲ್ಲಿ ನಾವು ಒಂದು ಮಾತನ್ನು ನುಂಗದೆ ಹೇಳಬೇಕು. ಗದ್ದೆಗೆಲಸ ಇಲ್ಲದ ದಿನಗಳಲ್ಲಿ ಈ ಬೀಡಿ ಎಲೆಯೇ ನಮ್ಮ ಎಷ್ಟೋ ಮನೆಗಳ ಒಲೆ ಉರಿಸಿತು. ಮಕ್ಕಳ ಫೀಸು ಕಟ್ಟಿತು, ಹೆಣ್ಣುಮಕ್ಕಳ ಕಿವಿಗೆ ಬೆಂಡೋಲೆ ಮಾಡಿಸಿತು. ನಮ್ಮ ತಾಯಂದಿರಿಗೆ ಕೆಲಸ ಸಿಕ್ಕಿದ್ದನ್ನು ತಪ್ಪು ಎನ್ನಲು ನಾವು ಯಾರು? ಆದರೆ ಆ ಕೆಲಸ ಆಕಾಶದಿಂದ ಬಿದ್ದದ್ದಲ್ಲ. ಕಣ್ಣೂರಿನ ಮನೆಗಳಿಂದ ಎದ್ದು ಬಂದದ್ದು. ಬಂದದ್ದಾದರೂ ಯಾಕೆ? ನಮ್ಮ ಕೈ ಅವರ ಕೈಗಿಂತ ಚುರುಕು ಎಂದಲ್ಲ, ಅಗ್ಗ ಎಂದು. ಹಾಗೆ ಬಂದ ಕೆಲಸಕ್ಕೆ ಮಜೂರಿ ಏರಿಸಿ ಎಂದು ಕೇಳಿದರೆ ಇಲ್ಲಿಯೂ ಅದೇ ಉತ್ತರ ಸಿಗುತ್ತಿತ್ತು, "ಹೆಚ್ಚು ಕೇಳಿದರೆ ಬ್ರಾಂಚು ಮುಚ್ಚುತ್ತೇವೆ, ಬೇರೆ ಕಡೆ ಕೊಡುತ್ತೇವೆ" ಎಂದು. ಕಣ್ಣೂರಿನವರನ್ನು ಹೆದರಿಸಲು ನಮ್ಮನ್ನು ತೋರಿಸಿದರು, ನಮ್ಮನ್ನು ಹೆದರಿಸಲು ಇನ್ನಾರನ್ನೋ ತೋರಿಸಿದರು.

ಕಣ್ಣೂರಿನವರು ಮಾಡಿದ್ದು ಸಹಕಾರ ಸಂಘದ ಸದಸ್ಯರಾದ ನಮಗೆಲ್ಲ ತಿಳಿದಿರಬೇಕಾದ ವಿಷಯ. 1969ರ ಫೆಬ್ರವರಿಯಲ್ಲಿ ಅಲ್ಲಿ ಕೇರಳ ದಿನೇಶ್ ಬೀಡಿ ಕೆಲಸಗಾರರ ಕೇಂದ್ರ ಸಹಕಾರ ಸಂಘ ಪ್ರಾರಂಭವಾಯಿತು. ಆಗ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಸರ್ಕಾರ. ಪಾಲು ರೂ. 20/-. ಕೆಲಸ ಕಳಕೊಂಡವನು ಇಪ್ಪತ್ತು ರೂಪಾಯಿ ಎಲ್ಲಿಂದ ತರುವುದು? ಅವನು ಒಂದು ರೂಪಾಯಿ ಕೊಟ್ಟರೆ ಸಾಕು, ಉಳಿದ ಹತ್ತೊಂಬತ್ತು ಸರ್ಕಾರದ ಸಾಲ. ದುಡಿಯುವ ಬಂಡವಾಳಕ್ಕೂ ಸರ್ಕಾರ ಸಾಲ ಕೊಟ್ಟಿತು. ಊರೂರಿನ ಪ್ರಾಥಮಿಕ ಸಂಘಗಳಲ್ಲಿ ಬೀಡಿ ಕಟ್ಟುವುದು, ಎಲೆ, ಪುಡಿ ಖರೀದಿ ಮತ್ತು ಮಾರಾಟ ಕೇಂದ್ರ ಸಂಘದ್ದು. ಸುಮಾರು ಮೂರು ಸಾವಿರ ಜನರಿಂದ ಶುರುವಾದದ್ದು 1980ರ ದಶಕದಲ್ಲಿ 40 ಸಾವಿರ ದಾಟಿತು.

ಅಲ್ಲಿಯ ಪದ್ಧತಿಯೊಂದು ಬಹಳ ಪ್ರಸಿದ್ಧ. ಶೆಡ್ಡಿನಲ್ಲಿ ಒಬ್ಬರು ಪೇಪರು ಓದುವುದು, ಉಳಿದವರು ಕೇಳುತ್ತ ಬೀಡಿ ಕಟ್ಟುವುದು. ಓದುವವರ ಪಾಲಿನ ಬೀಡಿಯನ್ನು ಉಳಿದವರು ಸೇರಿ ಕಟ್ಟಿಕೊಡುವುದು. ದಿನನಿತ್ಯ ದೇಶದ ಸುದ್ದಿ ಕೇಳುವವನಿಗೆ ತನ್ನ ಮಜೂರಿ ಎಲ್ಲಿ ತೀರ್ಮಾನವಾಗುತ್ತದೆ ಎಂದು ಬೇರೆ ಯಾರೂ ಹೇಳಬೇಕಾಗಲಿಲ್ಲ. ನಮ್ಮಲ್ಲಿ ಮನೆಗೊಬ್ಬರಾಗಿ ಕೂತು ಕಟ್ಟುವವರಿಗೆ ಆ ಅನುಕೂಲ ಇರಲಿಲ್ಲ. ಬ್ರಾಂಚಿಗೆ ಹೋದಾಗ ಮಾತ್ರ ಒಬ್ಬರ ಮುಖ ಒಬ್ಬರು ನೋಡುವುದು.

ಕಾಯಿದೆ ಹೇಳಿದ ರಜೆ, ಬೋನಸ್ಸು, ಹೆರಿಗೆ ಭತ್ಯೆ ಎಲ್ಲವನ್ನೂ ಕೊಟ್ಟು ಆ ಸಂಘ ಬಾಳಿತು. ಪೂರೈಸುವುದಿಲ್ಲ ಎಂದು ಕಂಪನಿಗಳು ಹೇಳಿದ ದರವನ್ನು ಅದೇ ಊರಿನಲ್ಲಿ, ಅದೇ ಕೆಲಸಗಾರರು ಪೂರೈಸಿ ತೋರಿಸಿದರು. ಲಾಭದ ಪಾಲಿಗೂ ಮಧ್ಯವರ್ತಿಯ ಕಮಿಷನಿಗೂ ಹೋಗುತ್ತಿದ್ದ ಹಣ ಮಜೂರಿಗೆ ಬಂತು, ಅಷ್ಟೇ. ಮೊಳಹಳ್ಳಿ ಶಿವರಾಯರು 1909ರಲ್ಲೇ ಪುತ್ತೂರಿನಲ್ಲಿ ಸಹಕಾರದ ದೀಪ ಹಚ್ಚಿದ ಜಿಲ್ಲೆ ನಮ್ಮದು. ಕೃಷಿ ಸಾಲಕ್ಕೆ, ಅಡಿಕೆಗೆ, ಹಾಲಿಗೆ ಸಂಘ ಕಟ್ಟಿದೆವು. ಬೀಡಿಗೆ ಮಾತ್ರ ಕಣ್ಣೂರಿನಂಥ ದೊಡ್ಡ ಸಂಘ ನಮ್ಮಲ್ಲಿ ಬೆಳೆಯಲಿಲ್ಲ. ಅಡಿಕೆ ತೋಟದ ಯಜಮಾನರು ಸಂಘದ ಆಡಳಿತ ಮಂಡಳಿಯಲ್ಲಿದ್ದರು, ಬೀಡಿ ಕಟ್ಟುವವರು ಇರಲಿಲ್ಲ. ಇದು ನಮ್ಮ ಅಭಿಪ್ರಾಯ, ತಪ್ಪಿದ್ದರೆ ತಿದ್ದಬಹುದು.

ಹಾಗೆಂದು ಈಚೆ ಬದಿಯವರಿಗೆ ಏನೂ ಸಿಗಲಿಲ್ಲ ಎಂದಲ್ಲ. ಸಿಕ್ಕಿತು, ನಿಧಾನವಾಗಿ, ಮುಷ್ಕರ ಮಾಡಿ, ಕೋರ್ಟಿಗೆ ಹೋಗಿ. ಕಂಟ್ರಾಕ್ಟರನ ಮೂಲಕ ಕೆಲಸ ಮಾಡಿದರೂ ಕಂಪನಿಯವನೇ ಯಜಮಾನ ಎಂದು ಸುಪ್ರೀಂ ಕೋರ್ಟು ಮದ್ರಾಸು ರಾಜ್ಯದ ಬೀಡಿ ಕೆಲಸಗಾರರ ಮೊಕದ್ದಮೆಯಲ್ಲಿ 1964ರಲ್ಲೇ ಹೇಳಿತ್ತು. 1966ರ ಕಾಯಿದೆಯನ್ನು ಬೀಡಿ ಮಾಲಕರು ಪ್ರಶ್ನಿಸಿದಾಗ 1974ರಲ್ಲಿ ಕಾಯಿದೆಯನ್ನು ಎತ್ತಿಹಿಡಿಯಿತು. 1977ರಲ್ಲಿ ಬೀಡಿ ಉದ್ಯಮಕ್ಕೆ ಪಿ.ಎಫ್. ಬಂತು. ಮನೆಯಲ್ಲಿ ಕಟ್ಟುವವರು ನಮ್ಮ ನೌಕರರಲ್ಲ ಎಂದು ಮಾಲಕರು ವಾದಿಸಿದರು. 1985ರಲ್ಲಿ ಕೋರ್ಟು ಕೊಟ್ಟ ಉತ್ತರ ಸ್ವಾರಸ್ಯಕರ: ಸರಿಯಿಲ್ಲದ ಬೀಡಿಯನ್ನು ತೆಗೆದುಹಾಕುವ ಅಧಿಕಾರ ನಿಮಗಿದೆಯಲ್ಲ, ಆ ಅಧಿಕಾರವೇ ನೀವು ಯಜಮಾನರು ಎಂಬುದನ್ನು ತೋರಿಸುತ್ತದೆ ಎಂಬ ಅರ್ಥದ ಮಾತು. ಬ್ರಾಂಚಿನಲ್ಲಿ ಒಂದು ಹಿಡಿ ಬೀಡಿ ಬದಿಗೆ ಹಾಕುತ್ತಿದ್ದರಲ್ಲ, ಅದೇ ಅವರಿಗೆ ಮುಳುವಾಯಿತು. (ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಇನ್ನೊಂದನ್ನು ಹೇಳದಿರಲಾರೆವು. ತುಂಡಿಗೆ ಇಷ್ಟು ಎಂದು ಹೊಲಿಯುವ ದರ್ಜಿಗಳೂ ಅಂಗಡಿಯ ನೌಕರರೇ ಎಂದು 1973ರಲ್ಲಿ ತೀರ್ಪಾಯಿತು. ಆಂಧ್ರದ ಆ ಟೈಲರ್ ಅಂಗಡಿಯ ಹೆಸರೇ 'ಸಿಲ್ವರ್ ಜುಬಿಲಿ'!)

ನಮ್ಮ ಊರಿನಲ್ಲಿ ಪಿ.ಎಫ್. ಹಣದಿಂದ ಹಂಚಿನ ಮನೆ ಕಟ್ಟಿದವರು ಎಷ್ಟೋ ಮಂದಿ. ಪಾಸ್‌ಬುಕ್ಕಿನಲ್ಲಿ ಹೆಸರು ಒಬ್ಬಳದು, ಬೀಡಿ ಮೂವರದ್ದು ಎಂಬಂಥ ಮನೆಗಳೂ ಇದ್ದವು. ಅತ್ತೆಯ ಪುಸ್ತಕಕ್ಕೆ ಸೊಸೆ ಕಟ್ಟಿದ ಬೀಡಿಗೆ ಪಿ.ಎಫ್. ಅತ್ತೆಗೆ. ಅದು ಬೇರೆ ಜಗಳ.

ಈಗ ಮುಖ್ಯ ಪ್ರಶ್ನೆ. ಒಂದು ಕಸುಬಿಗೆ ಎಲ್ಲ ಕಡೆ ಒಂದೇ ಮಜೂರಿ ಇರಬೇಕೋ, ಪ್ರದೇಶಕ್ಕೆ ತಕ್ಕಂತೆ ಬೇರೆ ಬೇರೆ ಇರಬೇಕೋ? ಬೇರೆ ಇರಲಿ ಎನ್ನುವವರ ಮಾತಿನಲ್ಲಿ ಸತ್ಯ ಇದೆ. ಬೆಂಗಳೂರಿನ ಒಂದು ಕೋಣೆಯ ಬಾಡಿಗೆಗೆ ನಮ್ಮೂರಲ್ಲಿ ಇಡೀ ಮನೆ ಸಿಗುತ್ತದೆ. ಅಲ್ಲಿಯ ಗಾರೆಯವನಿಗೂ ಇಲ್ಲಿಯ ಗಾರೆಯವನಿಗೂ ಒಂದೇ ಕೂಲಿ ಇಟ್ಟರೆ ಅಲ್ಲಿಯವನು ಉಪವಾಸ ಬೀಳುತ್ತಾನೆ. ವಲಯ ಮಾಡಿ ದರ ಇಡುವುದು, ಬೆಲೆ ಸೂಚ್ಯಂಕ ನೋಡಿ ವರ್ಷ ವರ್ಷ ತುಟ್ಟಿಭತ್ಯೆ ಕೊಡುವುದು ಇದಕ್ಕಾಗಿಯೇ. ಗಾರೆಯವನ ಕೆಲಸ ಕಟ್ಟಡ ಇದ್ದಲ್ಲಿಯೇ ಆಗಬೇಕು. ಬೆಂಗಳೂರಿನ ಗೋಡೆಯನ್ನು ನಮ್ಮೂರಲ್ಲಿ ಕಟ್ಟಿ ಕಳುಹಿಸಲು ಆಗುವುದಿಲ್ಲ. ಆದುದರಿಂದ ಅವನಿಗೆ ವಲಯದ ದರ ಸರಿ. ಬೀಡಿ ಹಾಗಲ್ಲ. ಎಲ್ಲಿ ಕಟ್ಟಿದರೂ ಅದೇ ಲೇಬಲ್ಲು, ಅದೇ ಕ್ರಯ. ಕಟ್ಟುವವಳ ಅಕ್ಕಿಯ ದರ ತಲಪಾಡಿಯ ಈಚೆಗೂ ಆಚೆಗೂ ಹೆಚ್ಚೇನೂ ಬೇರೆಯಲ್ಲ. ಅಲ್ಲಿ ದರ ಬೇರೆ ಇಟ್ಟರೆ ಅದು ಪ್ರದೇಶಕ್ಕೆ ತಕ್ಕ ನ್ಯಾಯ ಆಗುವುದಿಲ್ಲ, ಮಾಲಕನಿಗೆ ದಾರಿ ತೋರಿಸುವ ಕೈಕಂಬ ಆಗುತ್ತದೆ. ಹೊತ್ತು ಸಾಗಿಸಬಹುದಾದ ಕೆಲಸಕ್ಕೆ ಇಡೀ ದೇಶಕ್ಕೆ ಒಂದು ತಳದ ದರ ಬೇಕು, ಅದರ ಮೇಲೆ ಬೇಕಾದರೆ ಊರಿನ ಖರ್ಚು ನೋಡಿ ಸೇರಿಸಲಿ. ಇದು ನಾವು ಕಂಡುಕೊಂಡದ್ದು. ಗಾರ್ಮೆಂಟ್ಸಿಗೂ ಗೇರುಬೀಜಕ್ಕೂ ಇದೇ ಲೆಕ್ಕ.

ಸರ್ಕಾರವೂ ತಡವಾಗಿ ಆ ಕಡೆ ಹೆಜ್ಜೆ ಇಟ್ಟಿದೆ. 1996ರಲ್ಲಿ ಕೇಂದ್ರವು ದಿನಕ್ಕೆ ರೂ. 35/- ಎಂದು ರಾಷ್ಟ್ರೀಯ ತಳದ ಕೂಲಿಯನ್ನು ಸೂಚಿಸಿತು. ಅದು ಸೂಚನೆ ಮಾತ್ರ, ಕಾನೂನಿನ ಬಲ ಇರಲಿಲ್ಲ. 2019ರ ವೇತನ ಸಂಹಿತೆ ಅದಕ್ಕೆ ಬಲ ಕೊಟ್ಟು, ಕೇಂದ್ರ ನಿಗದಿ ಮಾಡಿದ ತಳಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯಬಾರದು ಎಂದಿತು. ಜೊತೆಗೇ, ಪ್ರದೇಶಕ್ಕೊಂದು ತಳ ಇಡಬಹುದು ಎಂದೂ ಸೇರಿಸಿತು! ಈ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದೇ ದಿನ ಜಾರಿಗೆ ಬಂದ ಇನ್ನೊಂದು ಸಂಹಿತೆಯಲ್ಲಿ 1966ರ ಬೀಡಿ ಕಾಯಿದೆಯೂ ಲೀನವಾಯಿತು. ಬೀಡಿಯವರ ಕಲ್ಯಾಣ ನಿಧಿಗೆ ಬರುತ್ತಿದ್ದ ಸೆಸ್ಸು 2017ರಲ್ಲೇ ಜಿ.ಎಸ್.ಟಿ. ಬಂದಾಗ ನಿಂತಿತ್ತು.

ಬೀಡಿ ಸೇದುವವರೇ ಕಡಿಮೆಯಾಗುತ್ತಿದ್ದಾರೆ. ಆರೋಗ್ಯದ ದೃಷ್ಟಿಯಿಂದ ಅದು ಒಳ್ಳೆಯದೇ. ಪುಡಿಯ ಧೂಳು ಕುಡಿದು ಕೆಮ್ಮು ಹಿಡಿಸಿಕೊಂಡ ನಮ್ಮ ಅಮ್ಮಂದಿರನ್ನು ನೋಡಿದವರು ಬೇರೆ ಹೇಳಲಾರರು. ಕಣ್ಣೂರಿನ ಸಂಘ 1990ರ ದಶಕದಿಂದಲೇ ಇದನ್ನು ಮನಗಂಡು ತಿಂಡಿ ತಿನಿಸು, ತೆಂಗಿನ ಹಾಲು, ಕೊಡೆ, ಬಟ್ಟೆ ಹೀಗೆ ಬೇರೆ ಬೇರೆ ಕೆಲಸಕ್ಕೆ ಕೈ ಹಾಕಿತು. ಸದಸ್ಯರ ಕೈ ಖಾಲಿ ಕೂರಬಾರದು ಎಂದು. ನಮ್ಮ ಕಡೆ ಎಲೆ ಕೊಡುವುದು ವಾರಕ್ಕೆ ಮೂರು ದಿನ, ಎರಡು ದಿನ ಎಂದು ಇಳಿಯುತ್ತ ಬಂತು. ಕೂಲಿಯ ದರ ಕಾಗದದಲ್ಲಿ ಏರಿದರೂ ಎಲೆಯೇ ಇಲ್ಲದ ದಿನ ಮಜೂರಿ ಎಲ್ಲಿಯದು?

ಆ ಮದುವೆ ಮನೆಯ ತಂಗಿ ನಮ್ಮ ಸಂಘದ ಹಳೆಯ ಸದಸ್ಯೆ. ಬೆರಳು ಸೊಟ್ಟಗಾಗಿದೆ, ಸಹಿ ಹಾಕಲು ಹೊತ್ತು ಹಿಡಿಯುತ್ತದೆ. ಬೆಳ್ಳಿಹಬ್ಬದ ಆಮಂತ್ರಣ ಕೊಡಲು ಹೋದಾಗ ಮಾತಿಗೆ ಕೂತೆವು. ಅಕ್ಕ ಈಗಿಲ್ಲ. "ಆವತ್ತು ಅವಳು ಕೇಳಿದಳಲ್ಲ, ನೀನು ಯಾಕೆ ಕೇಳುವುದಿಲ್ಲ ಅಂತ. ನನಗೆ ಸಿಟ್ಟು ಬಂದಿತ್ತು. ಅವರ ಕೆಲಸ ಹೋಗಿಯೇ ನಮಗೆ ಬಂದದ್ದು ಅಂತ ನನಗೆ ಯಾರು ಹೇಳಿದ್ರು?" ಎಂದರು. ಮತ್ತೆ ಎದ್ದು ಒಳಗೆ ಹೋಗಿ, ಹಳೆಯ ಪಿ.ಎಫ್. ಪುಸ್ತಕ, ಅಳತೆಯ ತಗಡು, ತುಕ್ಕು ಹಿಡಿದ ಕತ್ತರಿ ತಂದು ಮುಂದಿಟ್ಟರು. ಪ್ರದರ್ಶನದ ಮೇಜಿನ ಮೇಲೆ ಇಡಲು ಕೊಡುತ್ತೀರಾ ಎಂದು ಕೇಳಿದೆವು. ಪುಸ್ತಕ ಬೇಡ, ಅದರಲ್ಲಿ ಇನ್ನೂ ಲೆಕ್ಕ ಬಾಕಿ ಉಂಟು ಎಂದು ಹೇಳಿ ಕತ್ತರಿ, ತಗಡು ಮಾತ್ರ ಕೊಟ್ಟರು.